ಅಮಲ್ದಾರರ ಚಿತೆ

ಲುವಾನ್ ತನ್ನ ಮನೆಯ ಬಾಗಿಲನ್ನೇ ಕೀಳುತ್ತಿದ್ದಳು. ಚಿತೆಗೆ ಸೌದೆ ಸಾಲದೆ, ಮನೆಗೊಂದು ಹಲಗೆ ಕೊಡಬೇಕೆಂದು ಕಚೇರಿಯಿಂದ ಅಪ್ಪಣೆಯಾಗಿತ್ತು. ಗಂಡ ಚಳಿಗಾಲದಲ್ಲೇ ಹಸಿವಿನಿಂದ ಸತ್ತಿದ್ದ. ಮಂಚ, ಪೆಟ್ಟಿಗೆ ಎಲ್ಲ ಮಾರಿಯಾಗಿತ್ತು. ಉಳಿದ ಹಲಗೆ ಇದೊಂದೇ.

ಚಿತೆ ಏರುವವರು ತಾಲ್ಲೂಕಿನ ಅಮಲ್ದಾರ ಶಿಯೆ. ಎರಡು ವರ್ಷದಿಂದ ಮಳೆಯಿರಲಿಲ್ಲ. ಮಳೆಯ ದೇವರು ಡ್ರ್ಯಾಗನ್ ರಾಜನನ್ನು ಗುಡಿಯಿಂದ ಎಳೆದು ತಂದು ಬಿಸಿಲಲ್ಲಿ ಕೂರಿಸಿ, ಚಾಟಿಯಿಂದ ಬಾರಿಸಿದ್ದೂ ಆಯಿತು. ದೇವರ ಬಣ್ಣ ಸುಲಿಯಿತೇ ಹೊರತು ಹನಿ ಬೀಳಲಿಲ್ಲ. ಆಗ ಅಮಲ್ದಾರರು ಡಂಗುರ ಹೊಡೆಸಿದರು. ಹುಣ್ಣಿಮೆಯ ಮಧ್ಯಾಹ್ನದೊಳಗೆ ಮಳೆ ಬಾರದಿದ್ದರೆ ಪ್ರಜೆಗಳಿಗಾಗಿ ತಮ್ಮನ್ನೇ ಸುಟ್ಟುಕೊಳ್ಳುತ್ತಾರಂತೆ.

ಯಾರೂ ನಂಬಲಿಲ್ಲ. ಊರೆಲ್ಲ ಮೂಳೆ ಚಕ್ಕಳವಾಗಿದ್ದಾಗಲೂ ಎರಡು ಗಲ್ಲ ಉಳಿಸಿಕೊಂಡಿದ್ದ ಪುಣ್ಯಾತ್ಮ ಆತ. ಸೊಳ್ಳೆ ಕಚ್ಚಿದರೆ ವೈದ್ಯನಿಗೆ ಹೇಳಿಕಳಿಸುತ್ತಿದ್ದ. ಸರ್ಕಾರಿ ಉಗ್ರಾಣ ತೆರೆಸಲು ಪ್ರಾಂತ್ಯದಿಂದ ದೊಡ್ಡ ಅಧಿಕಾರಿ ಹೊರಟಿದ್ದಾನೆ ಎಂಬ ಸುದ್ದಿ ಬಂದ ಮರುದಿನವೇ ಈ ಡಂಗುರ ಕೇಳಿಸಿತ್ತು. ಅಧಿಕಾರಿಯ ಮುಂದೆ ಮೆರೆದು ಬಡ್ತಿ ಗಿಟ್ಟಿಸುವ ನಾಟಕ ಎಂದು ಜನ ಉಗಿದರು. ಬೆಂಕಿ ಹತ್ತಿದ ಕೂಡಲೇ ಆತನನ್ನು ಎಳೆದುಕೊಳ್ಳಲು ಒದ್ದೆ ಕೌದಿ ಹಿಡಿದ ಇಬ್ಬರು ಆಳುಗಳನ್ನು ಗೊತ್ತುಮಾಡಿದ್ದೂ ಊರಿಗೆ ತಿಳಿದಿತ್ತು.

ಲುವಾನ್‌ಗೆ ಆ ನಾಟಕ ಬೇಕಿರಲಿಲ್ಲ. ಉಗ್ರಾಣ ತೆರೆದರೆ ಸಾಕಿತ್ತು. ಮೇಲಿನ ಅಪ್ಪಣೆಯಿಲ್ಲದೆ ಅದರ ಮೊಹರು ಒಡೆಯುವಂತಿಲ್ಲ. ಅದು ತೆರೆಯುವವರೆಗೆ ಮಗಳು ಶಿಂಗ್‌ಳನ್ನು ಉಳಿಸಿಕೊಳ್ಳಬೇಕಿತ್ತು. ಹೆಣ್ಣುಮಕ್ಕಳನ್ನು ಕೊಂಡು ದಕ್ಷಿಣಕ್ಕೆ ಸಾಗಿಸುವ ದಲ್ಲಾಳಿ ನಿಯೆ ಆಗಲೇ ಗಾಡಿ ತಂದು ಅವಳ ಅಂಗಳದಲ್ಲಿ ನಿಲ್ಲಿಸಿದ್ದ.

"ಬಾಗಿಲನ್ನೂ ಕೊಟ್ಬಿಟ್ಟೆ. ಇನ್ನು ಈ ಹುಡುಗೀನ ಇಟ್ಕೊಂಡು ಏನ್ ಮಾಡ್ತೀಯಕ್ಕಾ?" ಎಂದ ನಿಯೆ.

"ಉಗ್ರಾಣ ತೆಗೀತಾರೆ. ನನ್ನ ಮಗಳು ನಿನ್ನ ಗಾಡಿ ಹತ್ತಲ್ಲ."

"ತೆಗೀಲಿ ಬಿಡು. ತೆಗೆದ ಮೇಲೂ ನಾನು ಇಲ್ಲೇ ಇರ್ತೀನಿ."

ಬಾಗಿಲನ್ನು ಬೆನ್ನಿಗೆ ಕಟ್ಟಿಕೊಂಡು, ಮಗಳ ಕೈ ಹಿಡಿದು ಅವಳು ಹೊರಟಳು. ಗುಡಿಯ ಅಂಗಳ ಕಿರಿದೆಂದು ಚಿತೆಯನ್ನು ಉಗ್ರಾಣದ ಹಲಗೆಗೋಡೆಗೆ ತಾಗಿಸಿ ಒಟ್ಟಿದ್ದರು. ಬೆಂಕಿ ಬಿದ್ದರೆ ಬೇಕಾಗುತ್ತದೆಂದು ಅಲ್ಲಿಟ್ಟಿದ್ದ ನೀರಿನ ಹಂಡೆಗಳು ದೇವರ ಅಭಿಷೇಕಕ್ಕೆಂದು ಗುಡಿಗೆ ಹೋಗಿದ್ದವು. ಉಗ್ರಾಣದ ಸೂರಿನ ಹೆಂಚು ಇಳಿಸಿ, ದುರಸ್ತಿಯಾಗುವವರೆಗೆ ಹುಲ್ಲು ಹೊದಿಸಿದ್ದರು. ಮಳೆಯೇ ಇಲ್ಲದ ಊರಿನಲ್ಲಿ ಸೂರು ದುರಸ್ತಿ ಮಾಡಿಸುವ ಬುದ್ಧಿವಂತಿಕೆ ಸರ್ಕಾರಕ್ಕೆ ಮಾತ್ರ ಇರುತ್ತದೆ. ಇಲಿ ಹಿಡಿಯಲು ಉಗ್ರಾಣದ ಸುತ್ತ ಹೊಂಚು ಹಾಕಿದವರು ತಿಂಗಳಿನಿಂದ ಬರಿಗೈಯಲ್ಲಿ ಮರಳುತ್ತಿದ್ದರು. ಇದ್ದಬದ್ದ ಇಲಿಗಳನ್ನೆಲ್ಲ ತಾವೇ ತಿಂದು ಮುಗಿಸಿದೆವು ಎಂದು ಹಲುಬುತ್ತಿದ್ದರು.

ಗಾಳಿ ಉಗ್ರಾಣದ ಕಡೆಗೇ ಬೀಸುತ್ತಿದೆ, ಧಾನ್ಯಕ್ಕೆ ಬೆಂಕಿ ತಗುಲೀತು ಎಂದು ಮುದುಕ ಬಡಗಿ ತೂ ಕೈಮುಗಿದು ಹೇಳಿ ನೋಡಿದ. ಅಮಲ್ದಾರರು ಕಣ್ಣೊರೆಸಿಕೊಂಡರು.

"ಧಾನ್ಯದ ಎದುರಿಗೇ ಸಾಯ್ತೀನಪ್ಪಾ. ಇದರೊಳಗಿರೋ ಒಂದು ಕಾಳನ್ನೂ ನಾನು ಮುಟ್ಟಲ್ಲ. ದೇವರಾಣೆ."

ಪ್ರಜೆಗಳಿಗೆ ಎಂಥ ತಾಯ್ತಂದೆ ಎಂದು ಗುಮಾಸ್ತರು ಬಿಕ್ಕಿದರು. ಜನರ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಹುಣ್ಣಿಮೆಯ ದಿನ ಬೆಳಿಗ್ಗೆ ಪಶ್ಚಿಮದಲ್ಲಿ ಮೋಡ ಕವಿಯಿತು. ಜನ ಅತ್ತರು, ಕುಣಿದರು. ಬಿಳಿ ಬಟ್ಟೆಯುಟ್ಟು ಚಿತೆಯ ಮೇಲೆ ಕುಳಿತಿದ್ದ ಅಮಲ್ದಾರರ ಮುಖ ಮಾತ್ರ ಇಳಿದುಹೋಯಿತು. ಮಧ್ಯಾಹ್ನದವರೆಗೆ ಕಾಯುವುದೇಕೆ, ಈಗಲೇ ಹಚ್ಚಿ ಎಂದು ಅವಸರ ಮಾಡಿದರು. ಮಳೆ ಬಂದ ಮೇಲೆ ಸುಟ್ಟುಕೊಂಡರೆ ಯಾರು ಹೊಗಳುತ್ತಾರೆ ಎಂದು ಲುವಾನ್ ಗೊಣಗಿದಳು. ಕೀರ್ತಿಯ ಹಸಿವಿನ ಮುಂದೆ ಹೊಟ್ಟೆಯ ಹಸಿವು ಯಾವ ಲೆಕ್ಕ!

ಪಂಜು ಸೌದೆಗೆ ತಾಗಿತು. ಹೊಗೆ ಎದ್ದಿತು. ಅಷ್ಟರಲ್ಲಿ ಮಳೆ ದಬದಬನೆ ಸುರಿಯಿತು.

ಪಂಜು ಚುಂಯ್ ಎಂದು ಆರಿತು. ಇಡೀ ಊರು ಕೆಸರಿನಲ್ಲಿ ಮಂಡಿಯೂರಿ ಅಮಲ್ದಾರರಿಗೆ ಅಡ್ಡಬಿದ್ದಿತು. ನಿನ್ನೆ ಉಗಿದವರೂ ಬಿದ್ದರು. ನಾಚಿಕೆ ಎಂಬುದು ಮಳೆಯಲ್ಲಿ ಬೇಗ ತೊಳೆದುಹೋಗುತ್ತದೆ. ಅಮಲ್ದಾರರು ಒದ್ದೆ ಸೌದೆಗೆ ಹಣೆ ಚಚ್ಚಿಕೊಂಡು ಗೊಳೋ ಎಂದು ಅತ್ತರು. ಆನಂದಬಾಷ್ಪ ಎಂದರು ಗುಮಾಸ್ತರು.

ಲುವಾನ್ ತಲೆಯೆತ್ತಿ ಉಗ್ರಾಣದ ಸೂರು ನೋಡಿದಳು. ಹುಲ್ಲಿನ ಹೊದಿಕೆಯ ಸಂದುಗಳಿಂದ ನೀರು ಒಳಗಿಳಿಯುತ್ತಿತ್ತು. ಎರಡು ವರ್ಷ ಕಾದ ಧಾನ್ಯ ಒಂದು ರಾತ್ರಿಯಲ್ಲಿ ಕೊಳೆತುಹೋದರೆ ಶಿಂಗ್ ಆ ಗಾಡಿ ಹತ್ತಬೇಕಾಗುತ್ತದೆ. ಅವಳು ಚಿತೆಯ ಅಡಿಯಿಂದ ತನ್ನ ಬಾಗಿಲನ್ನು ಎಳೆದಳು. ಬಡಗಿ ತೂ ಒಂದು ಕಡೆ ಹಿಡಿದ. ಆಮೇಲೆ ಹತ್ತಾರು ಕೈ ಕೂಡಿದವು.

"ಮೊಹರು ಒಡೀಬೇಡಿ, ತಲೆ ಹೋಗತ್ತೆ" ಎಂದು ಅಮಲ್ದಾರರು ಚಿತೆಯಿಂದ ಉರುಳಿ ಇಳಿದರು. ಯಾರ ತಲೆ ಎಂದು ಹೇಳಲಿಲ್ಲ. ನಿಯೆ ಮಾತ್ರ ಬೀದಿಯಾಚೆ ಗಾಡಿಯಲ್ಲಿ ಕೊಡೆ ಬಿಚ್ಚಿಕೊಂಡು ಕುಳಿತಿದ್ದ. ಅಲ್ಲಿಂದ ಕದಲಲೇ ಇಲ್ಲ.

ಬಾಗಿಲಿನ ಹೊಡೆತಕ್ಕೆ ಬೀಗ ಕಿತ್ತುಬಂದಿತು. ಮಗಳ ಕೈ ಬಿಡದೆ ಲುವಾನ್ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದಳು.

ಉಗ್ರಾಣದಲ್ಲಿ ಒಂದು ಕಾಳೂ ಇರಲಿಲ್ಲ. ಚಿತೆಯ ಕಡೆಯ ಗೋಡೆಗೆ ಒತ್ತಿ, ನೆಲದಿಂದ ಸೂರಿನವರೆಗೆ, ಎಣ್ಣೆಯಲ್ಲಿ ನೆನೆಸಿದ ಹುಲ್ಲನ್ನು ಅಚ್ಚುಕಟ್ಟಾಗಿ ಒಟ್ಟಿದ್ದರು.