ತಾಂಬೂಲದ ಡಬ್ಬಿ

ಕೀಮೋ ನಡೆಯುತ್ತಿದ್ದ ಸುಗುಣಳನ್ನು ನೋಡಲು ಬಂದ ಹಿರಿಯ ವಾರಗಿತ್ತಿ, ವಿಟಮಿನ್ ಮಾತ್ರೆಯ ಡಬ್ಬಿಯೊಂದನ್ನು ಮುಂದಿಟ್ಟಳು.

“ದಿನಾ ನುಂಗು. ಕ್ಯಾನ್ಸರ್ ಓಡಿಹೋಗತ್ತೆ.”

“ಡಾಕ್ಟರು ಬೇಡ ಅಂದಿದಾರೆ ಅಕ್ಕ. ಕೀಮೋಗೆ ಅಡ್ಡ ಬರಬಹುದಂತೆ.”

“ಡಾಕ್ಟರಿಗೇನು ಗೊತ್ತು? ವಿಟಮಿನ್ ತಾನೇ, ಯಾರು ತಿಂದ್ರೂ ಒಳ್ಳೇದೇ. ಕೂದಲು ಉದುರಿದ್ರೂ ನಿನ್ನ ಹಟ ಉದುರಲಿಲ್ಲ ನೋಡು.”

“ಅದೊಂದನ್ನಾದ್ರೂ ಉಳಿಸ್ಕೊಳ್ತೀನಿ.”

ಹೊರಟು ನಿಂತ ವಾರಗಿತ್ತಿಗೆ ಸುಗುಣ ಕುಂಕುಮ ಕೊಟ್ಟಳು. ಎಲೆ ಅಡಿಕೆ, ರವಿಕೆ ಕಣದ ಮೇಲೆ ಅದೇ ಡಬ್ಬಿಯನ್ನಿಟ್ಟು ಸೆರಗಿಗೆ ಹಾಕಿದಳು. ಕೊಟ್ಟ ತಾಂಬೂಲವನ್ನು ಬೇಡ ಎನ್ನುವಂತಿಲ್ಲ.

“ಮಂಡಿನೋವು ಅಂತಿದ್ರಲ್ಲ, ನೀವೇ ತಗೊಳ್ಳಿ. ನನ್ನೆದುರಿಗೇ ಒಂದು ನುಂಗಿ,” ಎಂದು ನೀರಿನ ಲೋಟ ಚಾಚಿದಳು.

ವಾರಗಿತ್ತಿ ಬೆಚ್ಚಿ ಹಿಂದೆ ಸರಿದಳು.

“ಅಯ್ಯೋ, ನಮ್ಮ ಡಾಕ್ಟರನ್ನ ಕೇಳದೆ ಹೇಗೆ ನುಂಗಲಿ?”