ಬುಡದ ಎಲೆ

ಮುಟ್ಟಲೇಬಾರದ ಗಿಡಗಳ ಬುಡದಲ್ಲಿ ಎಲೆಗಳೇ ಇಲ್ಲ! ಸಂಶೋಧಕಿ ಬಗ್ಗಿ ಮತ್ತೊಮ್ಮೆ ನೋಡಿದಳು.

ಗಾಜಿನ ಮನೆಯಲ್ಲಿ ನಲವತ್ತು ಟೊಮ್ಯಾಟೊ ಗಿಡ. ಎಡಗಡೆಯ ಇಪ್ಪತ್ತರ ಬುಡದ ಎಲೆಗೆ ಅವಳೇ ಒಮ್ಮೆ ಕತ್ತರಿ ಹಾಕಿದ್ದಳು. ಬಲಗಡೆಯ ಇಪ್ಪತ್ತನ್ನು ಯಾರೂ ಸೋಕುವಂತಿರಲಿಲ್ಲ. ಆಮೇಲೆ ಎಲ್ಲದರ ತುದಿ ಎಲೆಗೂ ಒಂದೊಂದು ಹುಳು ಬಿಟ್ಟಿದ್ದಳು. ಗಾಯವಾದ ಗಿಡ ಮೈಯಿಡೀ ಸುದ್ದಿ ಮುಟ್ಟಿಸಿ, ತುದಿ ಎಲೆಯೂ ಹುಳುವಿಗೆ ರುಚಿಸದಂತೆ ಮಾಡಿಕೊಳ್ಳುತ್ತದೆ. ಗಾಯವಾಗದ ಗಿಡದ ಹುಳು ತಿಂದು ಕೊಬ್ಬುತ್ತದೆ. ಇಷ್ಟನ್ನು ತೋರಿಸಿದರೆ ಅವಳ ಪ್ರಬಂಧ ಮುಗಿದಂತೆ. ಎರಡು ಸಲ ಆಗಲೇ ಎಡವಟ್ಟಾಗಿತ್ತು, ಇದೇ ಕೊನೆಯದು ಎಂದಿದ್ದರು ಗೈಡ್. ಈಗ ನೋಡಿದರೆ ಬಲಗಡೆಯ ಹುಳುಗಳೂ ಕಡ್ಡಿಯಂತೆ ಬಡಕಲು!

"ತಾತಾ, ಈ ಎಲೆ ಯಾರು ಕಿತ್ತಿದ್ದು?"

ಮಾಲಿ ತಾತ ನೀರಿನ ಡಬ್ಬ ಕೆಳಗಿಟ್ಟು ಮುಖವರಳಿಸಿದ. "ನಾನೇ ಮಗೂ! ಆ ಕಡೆಯವನ್ನ ನೀನು ನೋಡ್ಕೊಂಡೆ. ಈ ಪಾಪದವನ್ನ ಕೇಳೋರೇ ಇಲ್ವಲ್ಲ. ಬುಡ ಚಿವುಟಿದ್ರೆ ತಾನೇ ಗಿಡ ಮೇಲಕ್ಕೆ ಏಳೋದು? ದಿನಕ್ಕೊಂದು ಎಲೆ, ಮೆಲ್ಲಗೆ."

ಬೈಯಲೆಂದು ಬಾಯಿ ತೆರೆದವಳು ಆ ಮುಖ ನೋಡಿ ಅಳುತ್ತಲೇ ಎಲ್ಲ ಹೇಳಿದಳು. ಸಂಗತಿ ತಿಳಿದ ತಾತ ಅಲ್ಲೇ ಕುಸಿದು ಕೂತ. "ಅಯ್ಯೋ, ನಿನ್ನ ಓದನ್ನೇ ಕೆಡಿಸಿಬಿಟ್ನಲ್ಲೇ ತಾಯಿ!"

ಅವಳು ಮೂಗೊರೆಸಿಕೊಂಡು, ಸುಮ್ಮನೆ ಕೂರಲಾರದೆ ಹುಳುಗಳನ್ನು ತೂಗಿದಳು. ಮತ್ತೊಮ್ಮೆ ತೂಗಿದಳು. ತಾತನ ಕಡೆಯ ಹುಳುಗಳು ಅವಳ ಕಡೆಯವುಗಳ ಅರ್ಧ ತೂಕವೂ ಇಲ್ಲ! ಕತ್ತರಿಯ ಒಂದು ಏಟಿಗಿಂತ ದಿನದಿನದ ಚಿವುಟುವಿಕೆಯೇ ಗಿಡವನ್ನು ಹೆಚ್ಚು ಎಚ್ಚರಿಸಿತ್ತು.

"ತಾತಾ, ಏಳಿ! ಗೈಡ್ ಕಾಲು ಹಿಡಿದಾದ್ರೂ ಇನ್ನೆರಡು ತಿಂಗಳು ಕೇಳ್ತೀನಿ. ಈ ಸಲ ಕತ್ತರಿ ಬೇಡ, ನೀವೇ ಚಿವುಟಿ. ಇಪ್ಪತ್ತೇ ಗಿಡ. ಉಳಿದವಕ್ಕೆ ಕೈ ಹಾಕಿದ್ರೋ, ನಿಮ್ಮನ್ನೇ ಚಿವುಟಿಬಿಡ್ತೀನಿ!"

ಗೈಡ್ ಗೊಣಗುತ್ತಲೇ ಒಪ್ಪಿದರು. ಹೊಸ ಗಿಡಗಳು ಮೊಣಕೈಯುದ್ದ ಬೆಳೆದವು. ಮೊದಲನೆಯದರ ಮುಂದೆ ಕೂತ ತಾತನ ಕೈ ಮಾತ್ರ ಏಳಲೊಲ್ಲದು.

"ಅಲ್ಲ ಮಗೂ, ಇಲ್ಲಿ ನೋವಾದ್ರೆ ಅಷ್ಟು ಮೇಲಿರೋದಕ್ಕೂ ಗೊತ್ತಾಗುತ್ತಾ?"

"ನಿಮಿಷಗಳಲ್ಲೇ."

ತಾತ ಬುಡದ ಎಲೆಯನ್ನು ಬೆರಳ ನಡುವೆ ಹಿಡಿದು, ತಲೆಯೆತ್ತಿ, "ಸ್ವಲ್ಪ ತಡ್ಕೊ ಪುಟ್ಟಾ" ಎಂದು ತುದಿ ಎಲೆಗೆ ಹೇಳಿದ. ಆಮೇಲೆ ಚಿವುಟಿದ.