ಥಂಡಿ ಹಿಡಿದ ಮದ್ದು

ತಂಗಿಯ ಗಂಡ ಬೆಳ್ಯಪ್ಪ ಆಸ್ತಿಯಲ್ಲಿ ಪಾಲು ಕೇಳಿದ ಮೇಲೆ ಮೇದಪ್ಪ ಅವನನ್ನು ಹಂದಿ ಬೇಟೆಗೆ ಕರೆಸಿಕೊಂಡ. ಹಿಂದಿನ ದಿನವೇ ಬಂದು ತಂಗಿದ ಬೆಳ್ಯಪ್ಪನ ಕೋವಿಮದ್ದಿನ ಡಬ್ಬಿಯನ್ನು ರಾತ್ರಿಯಿಡೀ ಮಳೆಗಾಳಿಗೆ ತೆರೆದಿಟ್ಟು ಥಂಡಿ ಹಿಡಿಸಿ, ಬೆಳಗಾಗುವ ಮೊದಲೇ ಮುಚ್ಚಿಟ್ಟ.

ಕಾಡಿನಲ್ಲಿ ಮೇದಪ್ಪ ಸುಮ್ಮನೆ ಕೇಳಿದ: "ನಿನ್ನ ಕೋವಿ ಸಿಡಿಯದೆ ಹೋದ್ರೆ?"

"ನೀವಿದ್ದೀರಲ್ಲ, ಭಾವ."

ಪೊದೆಯಿಂದ ಒಂಟಿ ಹಂದಿ ಬೆಳ್ಯಪ್ಪನತ್ತಲೇ ನುಗ್ಗಿತು. ಅವನ ಕೋವಿಯ ಕಿಡಿ ಹಾರಿಸುವ ಕೇಪು ಸಿಡಿಯಿತು, ಒಳಗಿನ ಮದ್ದು ಹೊತ್ತಲಿಲ್ಲ. ಆದರೆ ಅವನು ಕೋವಿ ಬಿಸಾಕಿ ಸರಸರನೆ ಮರ ಹತ್ತಿಬಿಟ್ಟ. ಹಂದಿ ಮೇದಪ್ಪನತ್ತ ತಿರುಗಿತು. ಅವನು ಹಲ್ಲು ಕಚ್ಚಿ ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಕೇಪು ಮಾತ್ರ ಪಟ್ಟೆಂದಿತು.

ಮರದ ಮೇಲಿಂದ ಬೆಳ್ಯಪ್ಪ ಗಾಬರಿಯಿಂದ ಕೂಗಿದ: "ಅದ್ಹೇಗೆ ಭಾವ? ನಿಮ್ಮ ಕೋವಿಲಿ ನಿನ್ನೆ ತುಂಬಿಟ್ಟಿದ್ದು ಥಂಡಿ ಹಿಡಿದಿರತ್ತೆ ಅಂತ, ಬೆಳಿಗ್ಗೆ ನಾನೇ ಅದನ್ನ ತೆಗೆದು ನನ್ನ ಡಬ್ಬಿ ಮದ್ದು ತುಂಬಿದ್ನಲ್ಲ."